ಸಿಲಿಕೋನ್ ಕೊಟ್ಟೆ

ಮೊನ್ನೆ ಬೆಳಿಗ್ಗೆ ಕಪಾಟಿನ ಮೇಲಿಟ್ಟಿದ್ದ ಕೇಕಿನ ಅಚ್ಚು ಜಾರಿ ಬಿತ್ತು. ನೀವು ಪಕ್ಕದ ಕೋಣೆಯಲ್ಲಿದ್ದರೂ ನಿಮಗೆ ತಿಳಿಯುತ್ತಿರಲಿಲ್ಲ. ಸಿಲಿಕೋನಿನ ಅಚ್ಚು ಅದು. ನೆಲಕ್ಕೆ ತಾಗಿ ಒಮ್ಮೆ ಪುಟಿದು, ಮಗುಚಿಕೊಂಡು, ಬಿಸಿಲು ಕಾಯಿಸುವ ಬೆಕ್ಕಿನ ಹಾಗೆ ಮೈ ಮುದುಡಿ ಕುಳಿತಿತು. ಹಿತ್ತಾಳೆಯ ಚೊಂಬು ಬಿದ್ದರೆ ಮೂರು ಮನೆಯಾಚೆಯಿಂದ "ಎಂತ ಬಿತ್ತ್?" ಎಂದು ಯಾರಾದರೂ ಕೂಗಿ ಕೇಳುತ್ತಿದ್ದ ಊರಿನಲ್ಲಿ ಬೆಳೆದವಳು ನಾನು. ಈಗ ಬ್ರಹ್ಮಾವರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಒಬ್ಬಳೇ ಇರುವ ಮನೆಯಲ್ಲಿ ಪಾತ್ರೆಗಳೂ ಮಾತು ಬಿಟ್ಟರೆ ದಿನದ ಒಟ್ಟು ಸದ್ದು ತೀರಾ ಕಡಿಮೆಯಾಗುತ್ತದೆ.

ಹಾಗೆಂದು ಸಿಲಿಕೋನಿನ ಮೇಲೆ ದೂರು ಹೇಳಲು ನನಗೆ ಅಧಿಕಾರವಿಲ್ಲ. ಅದನ್ನು ಮನೆಗೆ ತಂದವಳು ನಾನೇ, ಹತ್ತಾರು ಮನೆಗಳಿಗೆ ಹಂಚಿದವಳೂ ನಾನೇ. ಅದರ ಉಪಕಾರ ದೊಡ್ಡದು. ಎಣ್ಣೆ ಸವರಬೇಕಿಲ್ಲ, ತಳ ಹಿಡಿಯುವುದಿಲ್ಲ, ಬೆಂದದ್ದನ್ನು ಚಾಕುವಿನಿಂದ ಕೆರೆದು ಎಬ್ಬಿಸಬೇಕಿಲ್ಲ. ಹಿಂದಿನಿಂದ ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಇಡ್ಲಿಯಾಗಲಿ ಕೇಕಾಗಲಿ ತಾನಾಗಿ ಕೈಗೆ ಬರುತ್ತದೆ. ಆದರೆ ಅದಕ್ಕೆ ಬೆನ್ನೆಲುಬಿಲ್ಲ ಎಂಬುದನ್ನು ಮೊದಲೇ ಅರಿತಿರಬೇಕು. ಮೊದಲ ಸಲ ನಾನು ಅಚ್ಚಿನ ತುಂಬಾ ರಾಗಿ ಕೇಕಿನ ಹಿಟ್ಟು ಹೊಯ್ದು, ಎರಡೂ ಕೈಯಲ್ಲಿ ಎತ್ತಿ, ಧ್ವಜವಂದನೆಗೆ ಹೊರಟವಳಂತೆ ಒಲೆಯ ಕಡೆಗೆ ನಡೆದೆ. ನಡುದಾರಿಯಲ್ಲಿ ಅದು ಸೊಂಟ ಮುರಿದುಕೊಂಡಿತು. ಹಿಟ್ಟೆಲ್ಲ ನನ್ನ ಪಾದದ ಮೇಲೆ. ಅಚ್ಚನ್ನು ಮೊದಲು ತಟ್ಟೆಯ ಮೇಲಿಟ್ಟು ಆಮೇಲೆ ಹಿಟ್ಟು ಹೊಯ್ಯಬೇಕೆಂದು ಆ ದಿನ ಕಲಿತೆ. ಇನ್ನೊಂದು ಪಾಠವನ್ನು ಬಂಗುಡೆ ಕಲಿಸಿತು. ಮಸಾಲೆ ಸವರಿದ ಬಂಗುಡೆಯನ್ನು ಒಮ್ಮೆ ಅದೇ ಅಚ್ಚಿನಲ್ಲಿ ಹಬೆಗಿಟ್ಟೆ. ಸಿಲಿಕೋನ್ ವಾಸನೆಯನ್ನು ಮರೆಯುವ ಜಾತಿಯದ್ದಲ್ಲ. ಮರುವಾರ ಮಾಡಿದ ಏಲಕ್ಕಿ ಕೇಕನ್ನು ತಿಂದ ಸಹೋದ್ಯೋಗಿಯೊಬ್ಬರು ಬಹಳ ಹೊತ್ತು ಯೋಚಿಸಿ, "ಕರಾವಳಿಯ ರುಚಿ ಚೆನ್ನಾಗಿ ಬಂದಿದೆ" ಎಂದರು.

ಆ ಅಚ್ಚು ಬಂದ ಪೆಟ್ಟಿಗೆಯ ಮೇಲೆ ನಗುವ ಹೆಂಗಸೊಬ್ಬಳ ಚಿತ್ರವಿತ್ತು. ಕೆಳಗೆ "ಅಮ್ಮನ ಕೆಲಸ ಹಗುರ" ಎಂದು ಬರೆದಿತ್ತು. ನಾನು ಆ ಕಂಪನಿಗೆ ಪತ್ರ ಬರೆದೆ. ಅಡುಗೆ ಅಮ್ಮನ ಕೆಲಸವೆಂದು ನಿಮಗೆ ಹೇಳಿದವರು ಯಾರು, ಅಪ್ಪನ ಚಿತ್ರ ಹಾಕಿದರೆ ಅಚ್ಚು ಕರಗುತ್ತದೆಯೇ, ಎಂದು ಸವಿನಯವಾಗಿ ಕೇಳಿದೆ. ಅವರಿಂದ ಬಂದ ಉತ್ತರದಲ್ಲಿ ಮುಂದಿನ ಖರೀದಿಗೆ ರಿಯಾಯಿತಿ ಇತ್ತು. ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ.

ಈ ಪತ್ರ ಬರೆಯುವ ಚಾಳಿ ಶಾಲೆಯಿಂದ ಬಂದದ್ದು. ಹಂಗಾರಕಟ್ಟೆಯ ಮೀನುಗಾರರ ಮನೆಯಿಂದ ನಾನು ಓದಲು ಹೋದದ್ದು ಸ್ವಲ್ಪ ವಿಚಿತ್ರವಾದ ಶಾಲೆಗೆ. ಅಲ್ಲಿ ಹುಡುಗರು ಉಪ್ಪಿಟ್ಟು ಮಾಡುತ್ತಿದ್ದರು, ಹುಡುಗಿಯರು ಗಂಟೆ ಬಾರಿಸುತ್ತಿದ್ದರು. ಶನಿವಾರ ಶನಿವಾರ ಗೋಡೆಯ ಮೇಲೊಂದು ದೊಡ್ಡ ಹಾಳೆ ಅಂಟಿಸಿ, ಆ ವಾರ ಕಂಡ ಅನ್ಯಾಯವನ್ನು ಪ್ರತಿಯೊಬ್ಬರೂ ಬರೆಯಬೇಕೆಂದು ಮುಖ್ಯೋಪಾಧ್ಯಾಯಿನಿ ಹೇಳುತ್ತಿದ್ದರು. ಉಳಿದ ಮಕ್ಕಳು ರಸ್ತೆಯ ಹೊಂಡ, ಶಾನುಭೋಗರ ದರ್ಪ ಇತ್ಯಾದಿ ಬರೆದರೆ ನಾನು ನನ್ನ ಅಜ್ಜಿಯ ಮೇಲೆ ಬರೆದೆ. ಅಜ್ಜಿ ಮೀನಿನ ನಡುತುಂಡನ್ನೆಲ್ಲ ಗಂಡಸರ ಬಟ್ಟಲಿಗೆ ಹಾಕಿ ಬಾಲವನ್ನು ಹೆಂಗಸರಿಗೆ ಉಳಿಸುತ್ತಾಳೆ, ಇದು ಖಂಡನೀಯ, ಎಂದು. ಮುಖ್ಯೋಪಾಧ್ಯಾಯಿನಿ ಅದನ್ನು ಎಲ್ಲರೆದುರು ಓದಿ ಚಪ್ಪಾಳೆ ತಟ್ಟಿಸಿದರು. ಸುದ್ದಿ ಮನೆಗೆ ಮುಟ್ಟಿತು. ಅಜ್ಜಿ ಬೈಯಲಿಲ್ಲ. ಅಂದಿನಿಂದ ನಡುತುಂಡನ್ನು ನನ್ನ ಬಟ್ಟಲಿಗೆ ಹಾಕಿ, ನಾನು ತಿಂದು ಮುಗಿಸುವವರೆಗೆ ಒಂದೂ ಮಾತಾಡದೆ ನೋಡುತ್ತಿದ್ದಳು. ನ್ಯಾಯ ಸಿಕ್ಕಿತೆಂದು ನಾನು ತಿಂದೆ. ಅವಳ ಮೌನವನ್ನು ಓದಲು ಯಾವ ಶಾಲೆಯೂ ಕಲಿಸಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಕೃಷ್ಣಾಷ್ಟಮಿಗೆ ಕೊಟ್ಟೆ ಕಡುಬು ಆಗಲೇಬೇಕು. ನಾಲ್ಕು ಹಲಸಿನ ಎಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ತೆಂಗಿನ ಗರಿಯ ಸಣ್ಣ ಕಡ್ಡಿ ಚುಚ್ಚಿ, ಅಂಚುಗಳನ್ನು ಮೇಲೆತ್ತಿ ಬಟ್ಟಲಿನ ಹಾಗೆ ಸೇರಿಸಿದರೆ ಅದೇ ಕೊಟ್ಟೆ. ಅದರಲ್ಲಿ ಉದ್ದು-ಅಕ್ಕಿಯ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವುದು. ಹೇಳುವುದು ಸುಲಭ. ಹಬ್ಬದ ಹಿಂದಿನ ದಿನ ಹಂಗಾರಕಟ್ಟೆಯ ನಮ್ಮ ತವರಿನ ಜಗಲಿಯಲ್ಲಿ ನೆರೆಕರೆಯ ಐದಾರು ಹೆಂಗಸರು ಚಾಪೆ ಹಾಸಿ ಕುಳಿತರೆ ಎಲ್ಲ ಮನೆಗಳ ಕೊಟ್ಟೆ ಕಟ್ಟಿ ಏಳುವಾಗ ಸಂಜೆಯಾಗುತ್ತಿತ್ತು. ನನ್ನ ಅಣ್ಣನ ಹೆಂಡತಿ ಜಲಜತ್ತಿಗೆ ವರ್ಷವರ್ಷವೂ ಅದರ ಮುನ್ನಾದಿನ ಫೋನ್ ಮಾಡುತ್ತಿದ್ದಳು.

"ಸುಮತಿ, ನಾಳೆ ಕೊಟ್ಟೆ ಕಟ್ಟೂಕೆ ಬತ್ಯಲೆ? ಬೇಗ ಬಾ ಮಾರಾಯ್ತಿ."

ವರ್ಷಕ್ಕೊಮ್ಮೆ ಬರುತ್ತಿದ್ದ ಆ ಒಂದು ಕರೆಯ ಬೆಲೆಯನ್ನು ನಾನು ಆಗ ಅರಿತಿರಲಿಲ್ಲ. ಶಿಕ್ಷಕಿಯ ಕೆಲಸದಲ್ಲಿದ್ದೆ, ಸಭೆಗಳಿದ್ದವು, ಮನವಿಪತ್ರಗಳಿದ್ದವು. ಯಾರೋ ನನ್ನನ್ನು ಕಾಯುತ್ತಿದ್ದಾರೆ ಎಂಬುದು ಗಾಳಿಯಷ್ಟೇ ಸಹಜವಾಗಿತ್ತು.

ಎರಡು ವರ್ಷದ ಹಿಂದಿನ ಅಷ್ಟಮಿ ಅದು. ಅತ್ತಿಗೆಯ ಬೆರಳಿನ ಗಂಟುಗಳು ಊದಿಕೊಂಡಿದ್ದವು. ಕಡ್ಡಿ ಚುಚ್ಚುವಾಗ ಅವಳು ತುಟಿ ಕಚ್ಚುವುದನ್ನು ಹಿಂದಿನ ವರ್ಷವೇ ನೋಡಿದ್ದೆ. ಜಗಲಿಯ ಇನ್ನೊಂದು ತುದಿಯಲ್ಲಿ ಅಣ್ಣ ಆರಾಮ ಕುರ್ಚಿಯಲ್ಲಿ ಒರಗಿ ಮೊಬೈಲು ನೋಡುತ್ತಿದ್ದ. ಅನ್ಯಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕೆ? ಅದಕ್ಕೇ ಆ ವರ್ಷ ನಾನು ನಲವತ್ತೆಂಟು ಸಿಲಿಕೋನ್ ಕಪ್ಪುಗಳನ್ನು ಕಟ್ಟಿಕೊಂಡು ಹೋಗಿ ಚಾಪೆಯ ನಡುವೆ ಸುರಿದೆ. ಕೆಂಪು, ಹಸಿರು, ಹಳದಿ. ಮಕ್ಕಳ ಆಟಿಕೆಗಳಂತೆ ಕಾಣುತ್ತಿದ್ದವು.

ಪಕ್ಕದ ಮನೆಯ ಪದ್ದಕ್ಕ ಒಂದನ್ನೆತ್ತಿ ಒಳಹೊರಗು ಮಾಡಿ ನೋಡಿದಳು. ಬ್ರಹ್ಮಾವರದ ಪೇಟೆಯಲ್ಲಿ ಮೀನು ಮಾರುವ ಪದ್ದಕ್ಕನ ಬಾಯಿಗೆ ಹೆದರದ ಗಿರಾಕಿ ಇಲ್ಲ.

"ಹ್ವಾಯ್ ಟೀಚ್ರೆ, ಪ್ಲಾಸ್ಟಿಕ್ ಮುಟ್ಟೂಕಾಗ ಅಂದೇಳಿ ಪೇಟಿ ಇಡೀ ಬೋರ್ಡ್ ಹಿಡ್ಕಂಡ್ ತಿರ್ಗಿದ್ದ್ ನೀವೇ ಅಲ್ದಾ? ಇದೆಂತದ್ ಮತ್ತೆ?"

"ಇದು ಪ್ಲಾಸ್ಟಿಕ್ ಅಲ್ಲ ಪದ್ದಕ್ಕ, ಸಿಲಿಕೋನ್. ಇದನ್ನು ಮಾಡುವುದು ಮರಳಿನಿಂದ." ತಾತ್ವಿಕವಾದ ಮಾತು ಬಂದಾಗ ನನ್ನ ನಾಲಿಗೆಗೆ ಪುಸ್ತಕದ ಕನ್ನಡವೇ ಬರುತ್ತದೆ.

"ಹೊಯ್ಗಿಯಾ? ಹೊಯ್ಗಿ ಬೇಕಿದ್ರೆ ನಮ್ ಹೊಳಿಯಂಗೇ ರಾಶಿ ಇತ್ತಲೆ. ಪೇಟಿಂದ ಎಂತಕ್ ಹೊತ್ಕಂಡ್ ಬಂದ್ರಿ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎದ್ದು ನಿಂತು ಮಾತಾಡಿದೆ. ನೂರಾರು ಕೊಟ್ಟೆ ಕಟ್ಟುವ ಬೆರಳು ಯಾರದು, ಉಣ್ಣುವ ಬಾಯಿ ಯಾರದು, ಸಂಪ್ರದಾಯವೆಂಬ ಹೆಸರಿನಲ್ಲಿ ಈ ಸಂಬಳವಿಲ್ಲದ ದುಡಿಮೆಯನ್ನು ಎಷ್ಟು ತಲೆಮಾರು ಹೊರಬೇಕು ಎಂದೆಲ್ಲ. ಅಣ್ಣ ಮೊಬೈಲಿನ ಸದ್ದನ್ನು ಸ್ವಲ್ಪ ತಗ್ಗಿಸಿದ. ಆ ವರ್ಷ ಹಿಟ್ಟು ಕಪ್ಪುಗಳಿಗೇ ಎಂದು ತೀರ್ಮಾನವಾಯಿತು. ಸಂಜೆಯವರೆಗೆ ಹಿಡಿಯುವ ಕೆಲಸ ಹನ್ನೊಂದು ಗಂಟೆಗೆ ಮುಗಿಯಿತು. ಹೆಂಗಸರು ಸ್ವಲ್ಪ ಹೊತ್ತು ಖಾಲಿ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದು, ಒಬ್ಬೊಬ್ಬರೇ ಎದ್ದು ಹೋದರು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಬಸ್ಸು ಹತ್ತಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಅಂದು ಅತ್ತಿಗೆಯ ಕೈಗಳ ಚಿತ್ರ ತೆಗೆದುಕೊಂಡಿದ್ದೆ. ಕುಂದಾಪುರದಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಮನೆಗೆಲಸದ ಬಗ್ಗೆ ಮಾತಾಡುವಾಗ ಅದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದೆ. ಹೆಸರು ಹೇಳಲಿಲ್ಲ. ಹೆಸರನ್ನು ಬಳೆಗಳು ಹೇಳಿದವು. ಸಭೆಯಲ್ಲಿದ್ದ ಹಂಗಾರಕಟ್ಟೆಯ ಒಬ್ಬಾಕೆ ಗುರುತು ಹಿಡಿದು ಸುದ್ದಿಯನ್ನು ಊರಿಗೆ ಒಯ್ದಳು. ಮುಂದಿನ ಸಲ ಸಿಕ್ಕಾಗ ಅತ್ತಿಗೆ, "ಕೈ ಒಂದೇ ತೆಗ್ದ್ಯಲೆ ಮಾರಾಯ್ತಿ, ಮೋರೆ ಚಂದ ಇರ್ಲಿಲ್ಯಾ?" ಎಂದು ನಕ್ಕಳು. ತಮಾಷೆಯೆಂದು ನಾನೂ ನಕ್ಕೆ. ಉದ್ದೇಶ ಒಳ್ಳೆಯದಿದ್ದರೆ ಉಳಿದದ್ದೆಲ್ಲ ತಾನಾಗಿ ಒಳ್ಳೆಯದಾಗುತ್ತದೆ ಎಂದು ನಂಬಿದ್ದ ದಿನಗಳವು.

ಮರುವರ್ಷ ಫೋನ್ ಬರಲಿಲ್ಲ.

ಆ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ನಿವೃತ್ತಿಯ ಮೊದಲ ವರ್ಷ ಮನುಷ್ಯನಿಗೆ ತನ್ನ ಫೋನಿನ ಬಗ್ಗೆ ಅನುಮಾನ ಹುಟ್ಟುತ್ತದೆ. ಕೆಟ್ಟಿರಬಹುದೆಂದು ಎರಡು ಸಲ ಪರೀಕ್ಷಿಸಿದೆ. ಕೊನೆಗೆ ನಾನೇ ಕರೆ ಮಾಡಿದೆ.

"ನಾಳೆ ಬರಬೇಕಾ ಅತ್ತಿಗೆ?"

"ಎಂತಕ್ ಬಪ್ದ್ ಮಾರಾಯ್ತಿ, ಬಸ್ಸಂಗೆ ನೂಕ್ ತಿನ್ಕಂಡ್? ಈಗ ಎಂತ ಕೆಲ್ಸ ಇತ್ತ್? ನಿನ್ನ್ ಕಪ್ಪಂಗೆ ಹೊಯ್ದ್ ಇಟ್ರೆ ಆಯ್ತ್. ಕಡ್ಬ್ ಕಳ್ಸ್ತೆ, ನೀ ಮನಿಯಂಗೇ ಆರಾಮ್ ಮಾಡ್."

ಹಬ್ಬದ ಮರುದಿನ ಪದ್ದಕ್ಕ ಪೇಟೆಗೆ ಬರುವಾಗ ಡಬ್ಬಿಯೊಂದನ್ನು ಬಾಗಿಲಲ್ಲಿ ಕೊಟ್ಟು, ಒಳಗೆ ಬಾರದೆ, "ಗಿರಾಕಿ ಕಾಯ್ತ್ರ್" ಎಂದು ಹೋದಳು. ಆರು ಕಡುಬು. ಎಲ್ಲವೂ ಒಂದೇ ಗಾತ್ರ, ಅಂಚಿನಲ್ಲಿ ಸಿಲಿಕೋನ್ ಕಪ್ಪಿನ ಗೆರೆಗಳು ಅಚ್ಚೊತ್ತಿದಂತೆ. ಮೇಜಿನ ಮೇಲಿಟ್ಟು ಒಬ್ಬಳೇ ತಿಂದೆ. ನನ್ನ ಸುಧಾರಣೆ ಇಷ್ಟು ಚೆನ್ನಾಗಿ ಬೇರೂರಿದ್ದಕ್ಕೆ ಸಂತೋಷಪಡಬೇಕಿತ್ತು. ಹಲಸಿನ ಎಲೆಯ ಪರಿಮಳವಿಲ್ಲದ ಕಡುಬು ಬರೀ ಇಡ್ಲಿಯೆಂದು ನಾಲಿಗೆ ಹೇಳಿತು. ನಾಲಿಗೆ ಪ್ರತಿಗಾಮಿಯೆಂದು ನಾನು ಗದರಿಸಿದೆ.

ಆ ವರ್ಷವಿಡೀ ನಾನೊಂದು ತೀರ್ಮಾನವನ್ನು ಪೋಷಿಸಿಕೊಂಡು ಬಂದೆ. ಹೆಂಗಸರನ್ನು ದುಡಿಮೆಯಿಂದ ಬಿಡಿಸಿದೆ. ಬಿಡುವು ಸಿಕ್ಕವರು ಒಟ್ಟಿಗೆ ಕೂರುವುದನ್ನೇ ಬಿಟ್ಟರು. ಹಾಗಾಗಿ ನನಗೂ ಕರೆ ನಿಂತಿತು. ಇದರಲ್ಲೊಂದು ತ್ಯಾಗದ ಗಾಂಭೀರ್ಯವಿತ್ತು. ಪ್ರಗತಿಗಾಗಿ ಒಂಟಿಯಾದವಳು ಎಂದುಕೊಂಡರೆ ಒಬ್ಬಳೇ ಉಣ್ಣುವ ಊಟವೂ ಸ್ವಲ್ಪ ಸಲೀಸಾಗಿ ಇಳಿಯುತ್ತದೆ. ದಿನಕ್ಕೊಂದು ಪಾಕ ಮಾಡಿದೆ, ಒಂದೊಂದೇ ಕಪ್ಪಿನಲ್ಲಿ. ಸಿಲಿಕೋನ್ ಕಪ್ಪಿನ ದೊಡ್ಡ ಅನುಕೂಲವೆಂದರೆ ಒಬ್ಬರಿಗೆ ಬೇಕಾದಷ್ಟನ್ನೇ ಬೇಯಿಸಬಹುದು. ಆ ಅನುಕೂಲವನ್ನು ಕಂಪನಿಯವರು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ.

ಈ ವರ್ಷವೂ ಫೋನ್ ಬರಲಿಲ್ಲ. ಅಷ್ಟಮಿಯ ಹಿಂದಿನ ದಿನ ಬೆಳಿಗ್ಗೆ ಒಂಬತ್ತರವರೆಗೆ ಕಾದು, ಕಪ್ಪುಗಳು ಹಳತಾಗಿ ಅಂಟಂಟಾಗಿದ್ದರೆ ಬಿಸಾಡಬೇಕೆಂದು ಎಚ್ಚರಿಸುವ ನೆಪ ಹುಡುಕಿಕೊಂಡು ಹಂಗಾರಕಟ್ಟೆಯ ಬಸ್ಸು ಹತ್ತಿದೆ. ಮನೆಯಲ್ಲಿ ಅಣ್ಣ ಅದೇ ಕುರ್ಚಿಯಲ್ಲಿದ್ದ.

"ಅತ್ತಿಗೆ ಎಲ್ಲಿ?"

ಅಣ್ಣ ಒಮ್ಮೆ ನನ್ನನ್ನು, ಒಮ್ಮೆ ಬೇಲಿಯಾಚೆ ನೋಡಿದ. "ಇಲ್ಲೇ ಎಲ್ಲೋ... ನೀ ಕೂಕೊ, ಕರೀತೆ" ಎಂದು, ಎಂದೂ ಕುರ್ಚಿ ಬಿಡದವನು ಏಳಲು ಹೊರಟ. ಅಷ್ಟರಲ್ಲಿ ಬೇಲಿಯಾಚೆಯಿಂದ ನಗೆ ಕೇಳಿಸಿತು. ಐದಾರು ಹೆಂಗಸರು ಒಟ್ಟಿಗೆ ನಗುವ, ನಡುನಡುವೆ ಪದ್ದಕ್ಕನ ಗಂಟಲು ಮೇಲೇಳುವ ನಗೆ. ನಾನು ಪದ್ದಕ್ಕನ ಅಂಗಳಕ್ಕೆ ಹೋದೆ.

ಜಗಲಿಯಲ್ಲಿ ಚಾಪೆ. ಚಾಪೆಯ ಮೇಲೆ ಅದೇ ಐದು ಜನ. ನಡುವೆ ರಾಶಿ ಹಲಸಿನ ಎಲೆ, ಕಟ್ಟಿಟ್ಟ ಕೊಟ್ಟೆಗಳ ಸಾಲು. ನನ್ನನ್ನು ಕಂಡದ್ದೇ ನಗೆ ತುಂಡಾಯಿತು. ಒಬ್ಬಳು ಕೈಯಲ್ಲಿದ್ದ ಕೊಟ್ಟೆಯನ್ನು ಸೆರಗಿನಡಿ ಸೇರಿಸಿದಳು. ಇನ್ನೊಬ್ಬಳು ಎಲೆಯ ರಾಶಿಯ ಮೇಲೆ ಬೈರಾಸಿನ ಬಟ್ಟೆ ಎಳೆದಳು. ಅರುವತ್ತು ದಾಟಿದ ಪದ್ದಕ್ಕ ಕಡ್ಡಿಗಳ ಕಟ್ಟನ್ನು ಬೆನ್ನ ಹಿಂದೆ ಹಿಡಿದು, ಪಾಠ ಒಪ್ಪಿಸಲು ಬಾರದ ಮಗುವಿನಂತೆ ಗೋಡೆ ನೋಡಿದಳು. ನಾನು ತರಗತಿಯ ಬಾಗಿಲಲ್ಲಿ ನಿಂತಾಗ ಹೀಗೆಯೇ ಆಗುತ್ತಿತ್ತು. ಮಕ್ಕಳು ಬಚ್ಚಿಡುತ್ತಿದ್ದದ್ದು ಮಾವಿನಕಾಯಿ; ಇವರು ತಮ್ಮ ಹಬ್ಬವನ್ನು ಬಚ್ಚಿಡುತ್ತಿದ್ದರು. ಇಷ್ಟು ವರ್ಷದ ನನ್ನ ಹೋರಾಟಕ್ಕೆ ಸಿಕ್ಕ ಫಲವನ್ನು ಕಣ್ಣಾರೆ ಕಂಡೆ.

"ಟೀಚ್ರಿಗೆ ಕುರ್ಚಿ ಕೊಡಿ" ಎಂದರು ಯಾರೋ. ಪ್ಲಾಸ್ಟಿಕ್ ಕುರ್ಚಿ ಬಂತು. ಅದಕ್ಕಿಂತ ದೊಡ್ಡ ಶಿಕ್ಷೆ ಅವರಿಗೂ ತೋಚಿರಲಾರದು. ಎಲ್ಲರೂ ನೆಲದ ಮೇಲೆ, ನಾನೊಬ್ಬಳು ಮೇಲೆ.

ಅತ್ತಿಗೆ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದಳು. ಅವಳ ಮುಂದೆ ಎಲೆಯಿರಲಿಲ್ಲ. ಅವಳು ಕಟ್ಟುವುದನ್ನು ಬಿಟ್ಟು ಎರಡು ವರ್ಷವಾಯಿತಂತೆ. ಅವಳ ಪಾಲಿನದನ್ನು ಉಳಿದ ನಾಲ್ವರು ಹಂಚಿಕೊಂಡು ಕಟ್ಟುತ್ತಾರೆ, ಅವಳು ಕೂತು ಊರಿನ ಕತೆ ಹೇಳುತ್ತಾಳೆ. ಬೆರಳಿಗೆ ಬೇಕಾದ ಪರಿಹಾರ ನಲವತ್ತೆಂಟು ಕಪ್ಪುಗಳಿಲ್ಲದೆ, ಭಾಷಣವಿಲ್ಲದೆ, ಚಾಪೆಯ ಮೇಲೆಯೇ ಸಿಕ್ಕಿತ್ತು.

"ಹೋದ ವರ್ಷದ ಕಡುಬು?" ಎಂದೆ.

ಅತ್ತಿಗೆ ಕಣ್ಣು ತಗ್ಗಿಸಿದಳು. "ನಿಂಗೆ ಕಳ್ಸೂಕಂದೇಳಿ ಆರ್ ಬ್ಯಾರೆ ಬೇಯ್ಸಿದ್ದೆ. ಕಪ್ಪಂಗೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನೊಬ್ಬಳಿಗಾಗಿ ಬೇರೆ ಪಾತ್ರೆ, ಬೇರೆ ಹಬೆ. ನನ್ನನ್ನು ದೂರವಿಡಲು ಅವಳು ಪಟ್ಟ ಶ್ರಮದಲ್ಲೂ ನನ್ನನ್ನು ನೋಯಿಸಬಾರದೆಂಬ ಎಚ್ಚರವಿತ್ತು.

"ಯಾಕೆ ಕರೀಲಿಲ್ಲ ಅತ್ತಿಗೆ?"

"ಕರಿಯೂಕೆ ಆಸಿ ಇಲ್ದೇ ಅಲ್ಲ ಸುಮತಿ. ಇಲ್ಲಿ ನಾವು ಎಂತೆಂತದೋ ಮಾತಾಡ್ತ್. ಗಂಡನ್ ಬೈತ್, ಅತ್ತಿ ಬೈತ್, ನೆಗಾಡ್ತ್. ನೀ ಕೂತ್ರೆ ಎಲ್ಲರ್ಗೂ ಹೆದ್ರಿಕಿ. ಯಾರ್ ಕೈ ನಾಳೆ ಯಾವ್ ಸಭಿಯಂಗೆ ಕಾಂತ್ತೋ ಅಂದೇಳಿ."

ಅಳಿವೆಯ ಕಡೆಯಿಂದ ದೋಣಿ ಕಟ್ಟುವವರ ಸುತ್ತಿಗೆಯ ಸದ್ದು ಕೇಳುತ್ತಿತ್ತು. ನನ್ನಲ್ಲಿ ಸಮರ್ಥನೆಗಳಿದ್ದವು, ಒಂದಕ್ಕಿಂತ ಒಂದು ಉತ್ತಮವಾದವು. ನಾನು ಕುರ್ಚಿಯಿಂದಿಳಿದು ಚಾಪೆಯ ಅಂಚಿನಲ್ಲಿ ಕುಳಿತೆ.

"ನಂಗೂ ನಾಕ್ ಎಲೆ ಕೊಡಿ" ಎಂದೆ. "ಮನಿಯಂಗೆ ಒಬ್ಳಿಗೇ ಬೇಜಾರಾತ್ತ್."

ಜಗತ್ತಿನ ತಪ್ಪುಗಳಿಗೆಲ್ಲ ಹೆಸರಿಟ್ಟವಳಿಗೆ ಈ ಎರಡನೆಯ ವಾಕ್ಯ ಹೇಳಲು ಅರುವತ್ತೊಂದು ವರ್ಷ ಬೇಕಾಯಿತು. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಯಾರೂ ಅಯ್ಯೋ ಎನ್ನಲಿಲ್ಲ. ಆ ದಯೆಗೆ ನಾನು ಋಣಿ. ಬೈರಾಸು ಸರಿಯಿತು, ಎಲೆ ಬಂತು. ನನಗೆ ಕೊಟ್ಟೆ ಕಟ್ಟಲು ಚೆನ್ನಾಗಿ ಬಂದದ್ದು ಎಂದೂ ಇಲ್ಲ. ತೊಟ್ಟನ್ನು ಎತ್ತ ತಿರುಗಿಸಬೇಕೆಂಬುದೇ ಮರೆತಿತ್ತು. ಅಂತೂ ಒಂದು ಮುಗಿಸಿ ಕೆಳಗಿಟ್ಟೆ. ಪದ್ದಕ್ಕ ಅದನ್ನೆತ್ತಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು.

"ಹ್ವಾಯ್ ಟೀಚ್ರೆ, ಇದ್ರಂಗೆ ಹೊಳಿ ಆಚಿ ದಡ ಕಾಂತ್ತಲೆ!"

ಚಾಪೆಯೆಲ್ಲ ನಕ್ಕಿತು. ನಾನೂ. ಎಷ್ಟು ಕಾಲದ ಮೇಲೆ ಯಾರೋ ನನ್ನ ತಪ್ಪನ್ನು ನನಗೆ ಎತ್ತಿ ತೋರಿಸಿದ್ದರು, ಅದೂ ಇಷ್ಟು ಹತ್ತಿರ ಕುಳಿತು. ಆಮೇಲೆ ಮಾತು ಮೆಲ್ಲಮೆಲ್ಲನೆ ಹುಟ್ಟಿತು. ಹಿಂದಿನ ಹಾಗಲ್ಲ. ಯಾರದೋ ಗಂಡನ ವಿಷಯ ಬಾಯಿಯವರೆಗೆ ಬಂದು, ನನ್ನತ್ತ ಒಂದು ನೋಟ ಹಾಯ್ದು, ತರಕಾರಿಯ ಕಡೆಗೆ ಹೊರಳುತ್ತಿತ್ತು. ನಂಬಿಕೆ ಒಂದು ಬೆಳಿಗ್ಗೆಯಲ್ಲಿ ಬೇಯುವ ಹಿಟ್ಟಲ್ಲ.

ಮಧ್ಯಾಹ್ನ ಉಂಡ ಮೇಲೆ ಅತ್ತಿಗೆ ಬಸ್ಸಿನವರೆಗೆ ಬಂದಳು. ದಾರಿಯಲ್ಲಿ ಕಪ್ಪುಗಳ ಬಗ್ಗೆ ಕೇಳಿದೆ. ದಿನಾ ಇಡ್ಲಿಗೆ ಅದೇ, ತೊಳೆಯುವುದು ಸುಲಭ, ಬೆರಳು ನೋಯುವುದಿಲ್ಲ ಎಂದಳು. ಅದನ್ನು ಕೇಳಿ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

"ಕಾಣ್ ಸುಮತಿ," ಅವಳು ನಿಂತಳು. "ಬಪ್ಪು ವರ್ಷ ನಾ ಫೋನ್ ಮಾಡ್ತೆ. ಬಾ, ಕೂಕೊ, ಕಟ್ಟ್. ಆರೆ ನಮ್ಮನ್ನ್ ಎಲ್ಲಿಗೂ ತಕಂಡ್ ಹೋಪುದ್ ಬ್ಯಾಡ."

ಆಗ ನನ್ನ ಗಂಟಲಲ್ಲಿ ಒಂದು ಮಾತಿತ್ತು. ಆ ನಾಲ್ವರು ಹಂಚಿಕೊಂಡ ನಿನ್ನ ಪಾಲಿನ ಕೆಲಸ ನ್ಯಾಯವಾಗಿ ಕುರ್ಚಿಯಲ್ಲಿ ಕುಳಿತವನಿಗೆ ಸೇರಬೇಕಿತ್ತು ಎಂದು. ಅದು ಸರಿಯಾದ ಮಾತು. ಇವತ್ತೂ ಅದರ ಒಂದಕ್ಷರವನ್ನೂ ಬಿಟ್ಟುಕೊಡಲಾರೆ. ಆದರೆ ಅದನ್ನು ಹೇಳಿದರೆ ಚಾಪೆಯ ಮೇಲಿನ ಅಂಗೈ ಅಗಲದ ಜಾಗ ಹೋಗುತ್ತದೆಂದು ಗೊತ್ತಿತ್ತು. "ಆಯ್ತ್ ಅತ್ತಿಗೆ" ಎಂದೆ. ಸರಿ ಮಾಡಿದೆನೆಂದು ಹೇಳುತ್ತಿಲ್ಲ. ನನಗೆ ಆ ಜಾಗ ಬೇಕಿತ್ತು.

ಇಷ್ಟನ್ನೂ ಬರೆಯುವ ಮೊದಲು ಅವಳಿಗೆ ಫೋನ್ ಮಾಡಿ ಕೇಳಿದೆ. ಬರೆಯುವುದೂ ಎಲ್ಲಿಗೋ ತೆಗೆದುಕೊಂಡು ಹೋದಂತೆಯೇ ಅಲ್ಲವೇ?

"ಬರಿ. ಹೆಸ್ರ್ ಬದ್ಲ್ ಮಾಡ್. ಮತ್ತೆ, ನಿನ್ನಣ್ಣ ಕುರ್ಚಿ ಬಿಟ್ಟ್ ಏಳೂದಿಲ್ಲೆ ಅಂದೇಳಿ ಬರಿಯೂಕೆ ಮರೀಬೇಡ. ಅದ್ ಸುಳ್ಳಲ್ಲ."

ಬರೆದಿದ್ದೇನೆ. ಅಷ್ಟಮಿಗೆ ಇನ್ನು ಹನ್ನೊಂದು ತಿಂಗಳಿದೆ.